ಕುಣಿಗಲ್ಲಿನ ಮಿಲ್ಲಿಂಗ್ ಮೆಷಿನ್ನು

"ಡ್ರಮ್ಮು ಮುಟ್ಬೇಡ ಅಂದ್ನಲ್ಲ, ಕೇಳುಸ್ಲಿಲ್ವೇನೇ?" ಎಂದರು ನಿಂಗಜ್ಜಿ.

ಯಶಸ್ವಿನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅವಳು ರಾಗಿ ಡ್ರಮ್ಮಿಗೆ ಬೆನ್ನು ಕೊಟ್ಟು, ಕಾಲು ಊರಿ, ಹಲ್ಲು ಕಚ್ಚಿ ತಳ್ಳುತ್ತಲೇ ಇದ್ದಳು. ತುಂಬಿದ ಡ್ರಮ್ಮು ಅದು. ಇಷ್ಟು ಹೊತ್ತು ತಳ್ಳಿದ್ದಕ್ಕೆ ಒಂದು ಬೆರಳಿನಷ್ಟು ಸರಿದಿತ್ತು.

"ಇಲ್ಲಿ ಮೆಷಿನ್ ಬರುತ್ತೆ ಅಜ್ಜಿ. ಜಾಗ ಬೇಕು."

"ಇನ್ನೂ ನೋಡೇ ಇಲ್ಲ, ಅಷ್ಟ್ರಲ್ಲಿ ನನ್ ರಾಗೀನ ಆಚೆ ಹಾಕ್ತಿದೀಯಾ?"

"ನಾಳೆ ನೋಡ್ತೀವಿ. ನಾಳೇನೇ ತರ್ತೀವಿ."

ಯಶು ಶಾಲೆಯಿಂದ ತಂದಿದ್ದ ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ದೊಡ್ಡದೊಂದು ಚೌಕ ಬರೆದಳು. ಅದರೊಳಗೆ 'ಮಿಲ್' ಎಂದು ಬರೆದಳು. ಅಜ್ಜಿ ಆ ಚೌಕವನ್ನು ದಾಟದೆ, ಸುತ್ತು ಹಾಕಿಕೊಂಡು ಅಡುಗೆಮನೆಗೆ ಹೋದರು. ಯಶುವಿಗೆ ಅದು ಒಳ್ಳೇ ಲಕ್ಷಣ ಅನ್ನಿಸಿತು.

ನಿಟ್ಟೂರಿನಲ್ಲಿ ಮಿಲ್ ಅಂದರೆ ಎಲ್ಲರಿಗೂ ನೆನಪಾಗುವುದು ಹಿಟ್ಟಿನ ಮಿಲ್ಲು. ಇದು ಅದಲ್ಲ. ಇದು ಕಬ್ಬಿಣವನ್ನು ಕೆರೆಯುವ ಮೆಷಿನ್ನು. ಮೇಲೆ ಕಟರ್ ಗಿರಗಿರ ತಿರುಗುತ್ತದೆ, ಕೆಳಗೆ ಪುಟ್ಟ ಮೇಜೊಂದು ಆಚೀಚೆ ಸರಿಯುತ್ತದೆ. ಫ್ಯಾಕ್ಟರಿಯಲ್ಲಿ ಇರುವುದು ಆನೆಯಂಥವು. ಇವರು ನೋಡಲು ಹೊರಟಿದ್ದದ್ದು ಬೆಂಚಿನ ಮೇಲೆ ಕೂರುವ ಸಣ್ಣದು.

ಮನೆ ಮುಂದೆಯೇ ಅಪ್ಪ ದಯಾನಂದನ ಗ್ಯಾರೇಜು. ಬೈಕು, ಟಿಲ್ಲರು, ತೋಟದ ಪಂಪಿನ ಇಂಜಿನ್ನು, ಎಲ್ಲವೂ ಅಲ್ಲಿಗೆ ಬರುತ್ತವೆ. ಇಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ದಪ್ಪ ತುಂಡಿಗೆ ಹೆಡ್ ಅನ್ನುತ್ತಾರೆ. ಇಂಜಿನ್ನು ವಿಪರೀತ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ. ಅದರ ತಳವನ್ನು ಕೂದಲೆಳೆಯಷ್ಟು ಕೆರೆದು ಸಮ ಮಾಡಿದರೆ ಇಂಜಿನ್ನು ಮತ್ತೆ ಓಡುತ್ತದೆ. ಅಷ್ಟಕ್ಕೆ ಅಪ್ಪ ಪ್ರತಿ ಸಲ ತುಮಕೂರಿಗೆ ಹೋಗಿ, ಅಲ್ಲಿ ಕೊಟ್ಟು, ಕಾದು, ಮತ್ತೆ ಹೋಗಿ ತರಬೇಕು.

ವಿಚಿತ್ರ ಏನೆಂದರೆ, ಆ ಕೆಲಸ ಬರುವವರು ಮನೆಯಲ್ಲೇ ಇದ್ದರು. ಅಮ್ಮ ಶಾಂತಲಾ. ಐಟಿಐ ಓದಿ, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಅವಳು ನಡೆಸುವುದು ಮಿಲ್ಲಿಂಗ್ ಮೆಷಿನ್ನನ್ನೇ.

"ಮನೇಲೇ ಒಂದು ಸಣ್ಣ ಮಿಲ್ ಹಾಕ್ಕೊಂಡ್ರೆ ಸುತ್ತಮುತ್ತ ಹೆಡ್ಡೆಲ್ಲ ಇಲ್ಲಿಗೇ ಬತ್ತವೆ. ನೀನೂ ಕಂಪನಿ ಬುಟ್ಬುಡ್ಬೋದು" ಎಂದು ಅಪ್ಪ ಒಂದು ದಿನ ಅಂದಿದ್ದ. ಅಷ್ಟು ಕೇಳಿದ್ದೇ ತಡ, ಯಶುವಿನ ತಲೆಯಲ್ಲಿ ಮೆಷಿನ್ನು ಬಂದು ಕೂತುಬಿಟ್ಟಿತ್ತು.

ಯಾಕೆಂದರೆ ಅಮ್ಮನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರ ಯಶುವಿಗೆ ಅಮ್ಮನೇ ಇರುತ್ತಿರಲಿಲ್ಲ. ಅವಳು ಶಾಲೆಯಿಂದ ಬರುವಾಗ ಅಮ್ಮ ಕಂಪನಿ ಬಸ್ಸು ಹತ್ತಿ ಹೋಗಿರುತ್ತಿದ್ದಳು. ಅಮ್ಮ ವಾಪಸು ಬರುವಾಗ ಇವಳಿಗೆ ಗಾಢ ನಿದ್ದೆ. ಬೆಳಿಗ್ಗೆ ಜಡೆ ಹೆಣೆಯುವಾಗ ಸಿಗುವ ಅಮ್ಮನೇ ಅಮ್ಮ. ಆ ವಾರಗಳನ್ನು ಕಂಡರೆ ಯಶುವಿಗೆ ಆಗುತ್ತಿರಲಿಲ್ಲ. ಮೆಷಿನ್ನು ಬಂದರೆ ಅಮ್ಮ ಮನೆಯಲ್ಲಿ. ಅವಳ ಲೆಕ್ಕ ಅಷ್ಟೇ.

ಅಮ್ಮ ಮಾತ್ರ ಏನು ಕೇಳಿದರೂ "ನೋಡೋಣ" ಅನ್ನುತ್ತಿದ್ದಳು. ಅಪ್ಪ ಕೇಳಿದರೂ ನೋಡೋಣ. ಯಶು ಕೇಳಿದರೂ ನೋಡೋಣ. ಅಮ್ಮನಿಗೆ ಮನೆಯಲ್ಲಿರುವ ಆಸೆಯೇ ಇಲ್ಲವೇನೋ ಎಂದು ಯಶುವಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

"ಯಶು, ಆ ಚಾಕ್‌ಪೀಸ್ ಕೊಡಿಲ್ಲಿ" ಎಂದು ಅಪ್ಪ ಗ್ಯಾರೇಜಿನಿಂದ ಕೂಗಿದ.

ಹಾಗಲವಾಡಿಯಿಂದ ಬಂದಿದ್ದ ಪಂಪಿನ ಹೆಡ್ಡೊಂದು ಅವನ ಮುಂದಿತ್ತು. ಅಪ್ಪ ಅದನ್ನು ಸೀಮೆಎಣ್ಣೆಯಲ್ಲಿ ತೊಯ್ಯಿಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆಲ್ಲ ಚಾಕ್‌ಪೀಸ್ ಉಜ್ಜಿದ. ಹೆಡ್ಡು ಬಿಳಿ ಪೌಡರ್ ಬಳಿದುಕೊಂಡ ಹಾಗಾಯಿತು. ಇಬ್ಬರೂ ಸುಮ್ಮನೆ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಬಿಳಿಯ ನಡುವೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಮೂಡಿತು.

"ಕ್ರ್ಯಾಕ್ ಬಿಟ್ಟೈತೆ" ಎಂದ ಅಪ್ಪ. "ಸಂದಿ ಒಳಗೆ ಎಣ್ಣೆ ಕೂತಿರ್ತದೆ. ಮೇಲೆ ಒರೆಸುದ್ರೂ ಆಮೇಲೆ ಆಚೆ ಬತ್ತದೆ. ಕಣ್ಗೆ ಕಾಣ್ದೆ ಇದ್ದುದ್ದು ಚಾಕಲ್ಲಿ ಕಾಣ್ತದೆ."

"ರಿಪೇರಿ ಆಗಲ್ವಾ?"

"ಮೇಲ್ಮೇಲೆ ತೇಪೆ ಹಾಕ್ಬೋದು. ಓಡ್ಸಿದ್ರೆ ಮತ್ತೆ ಬಿಟ್ಕಳ್ತದೆ."

ಭಾನುವಾರ ಬೆಳಿಗ್ಗೆ ಅಪ್ಪ ಪರಿಚಯದವರ ಗೂಡ್ಸ್ ಗಾಡಿ ಕೇಳಿ ತಂದ. ಹಿಂದೆ ಹಗ್ಗ, ಹಳೇ ಟೈರು, ಹುಲ್ಲು ತುಂಬಿದ ಚೀಲ ಹಾಕಿದ. ಮೆಷಿನ್ನಿಗೆ ಪೆಟ್ಟಾಗಬಾರದಲ್ಲ. ಅಮ್ಮ ಒಂದು ಚೀಲದಲ್ಲಿ, ಕೂದಲೆಳೆಯಷ್ಟು ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ತನ್ನ ಡಯಲ್ ಗೇಜು, ಹಳೇ ಸ್ಕೂಟರಿನ ಒಂದು ಹೆಡ್ಡು ಇಟ್ಟುಕೊಂಡಳು. ಯಶು ಅಪ್ಪ ಅಮ್ಮನ ನಡುವೆ ಒತ್ತಿಕೊಂಡು ಕೂತಳು.

ಗುಬ್ಬಿ ದಾಟಿತು, ಹೆಬ್ಬೂರು ದಾಟಿತು. ದಾರಿಯುದ್ದಕ್ಕೂ ಯಶುವಿನ ಬಾಯಿಗೆ ಬಿಡುವಿರಲಿಲ್ಲ.

"ಅಮ್ಮ, ತಗೊಂಡ್ರೆ ನಾಳೆಯಿಂದಾನೇ ಕಂಪನಿಗೆ ಹೋಗಲ್ವಾ?"

"ಹಂಗೆಲ್ಲ ತಟ್ಟಂತ ಬಿಡೋಕಾಗಲ್ಲ ಕಣೇ. ಹೇಳಿ ಬಿಡ್ಬೇಕು."

"ಮುಂದಿನ್ ವಾರ ಸೆಕೆಂಡ್ ಶಿಫ್ಟು ಇದೆಯಲ್ಲ, ಅದೇ ಲಾಸ್ಟಾ?"

"ನೋಡೋಣ."

ಯಶು ಮುಖ ಊದಿಸಿಕೊಂಡಳು. ಆದರೆ ಕುಣಿಗಲ್ ಕೆರೆ ಏರಿ ಬಂದಾಗ ಗಾಳಿ ಜೋರಾಗಿ ಬೀಸಿ, ಊದಿಕೊಂಡದ್ದು ಮರೆತುಹೋಯಿತು. ಶಾಲೆಯ ಗೆಳತಿ ಮೋನಿಕಾಗೆ ಅವಳು ಆಗಲೇ ಹೇಳಿಬಿಟ್ಟಿದ್ದಳು, ಸೋಮವಾರ ನಮ್ಮನೇಲಿ ಮೆಷಿನ್ ಇರುತ್ತೆ ಅಂತ. ಇರಲೇಬೇಕು.

ಮೆಷಿನ್ನು ಮಾರುತ್ತಿದ್ದವರು ರಾಮಾಂಜಿನಯ್ಯ. ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವರು. ಈಗ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಅಂತ ಶೆಡ್ಡು ಮುಚ್ಚುತ್ತಿದ್ದರು.

"ಬಾ ತಾಯಿ, ಬಾ ಮಗ" ಎಂದು ಒಳಗೆ ಕರೆದರು. "ಇದೇ ನೋಡಿ. ಮಕ್ಕಳಂಗೆ ನೋಡ್ಕೊಂಡಿದೀನಿ."

ನಿಜಕ್ಕೂ ಹಾಗೇ ಕಾಣುತ್ತಿತ್ತು. ಹಸಿರು ಬಣ್ಣದ ಮೆಷಿನ್ನು ಮಿರಮಿರ ಮಿಂಚುತ್ತಿತ್ತು. ಮೇಜಿನ ಮೇಲೆ ಒಂದು ಚೂರು ತುಕ್ಕಿಲ್ಲ. ಹಿಂದಿನ ದಪ್ಪ ಕಂಬದ ಬುಡದಲ್ಲಿ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಪಕ್ಕದಲ್ಲಿ ಒಂದು ದಾಸವಾಳ. ವಿಭೂತಿ ಬೆಳ್ಳಗೆ ಹೊಸದಾಗಿತ್ತು. ನೋಡೋಕೆ ಬರುತ್ತಾರೆ ಅಂತ ಬೆಳಿಗ್ಗೆಯೇ ಪೂಜೆ ಮಾಡಿದ್ದರಂತೆ.

ಅಮ್ಮ ಮೊದಲು ಕೈ ಮುಗಿದಳು. ಫ್ಯಾಕ್ಟರಿಯಲ್ಲೂ ಅವಳು ಹಾಗೇ, ಯಾವ ಮೆಷಿನ್ನಾದರೂ ನಮಸ್ಕಾರ ಮಾಡದೆ ಸ್ವಿಚ್ ಒತ್ತುವುದಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಮೇಜನ್ನು ಆಚೆ ಓಡಿಸಿದಳು, ಈಚೆ ಓಡಿಸಿದಳು. ಡಯಲ್ ಗೇಜು ಇಟ್ಟು ಮುಳ್ಳನ್ನೇ ನೋಡಿದಳು. ಕಟರ್ ಹಿಡಿಯುವ ಭಾಗವನ್ನು ಕೈಯಲ್ಲಿ ಅಲ್ಲಾಡಿಸಿದಳು. ಪ್ರತಿಯೊಂದಕ್ಕೂ "ಹೂಂ" ಅಂದಳು. ಅಮ್ಮನ ಆ ಹೂಂ ಎಣಿಸುತ್ತಾ ಯಶು ಕಂಬದ ಪಕ್ಕ ಒಂದು ಹಳೇ ಡಬ್ಬದ ಮೇಲೆ ಕೂತಿದ್ದಳು.

"ಒಂದು ಕಟ್ ಹಾಕಿ ನೋಡ್ಲಾ ಅಣ್ಣಾರೆ?"

"ಹಾಕಮ್ಮ. ನಿಮ್ದೇ ಮೆಷಿನ್ನು ಅಂದ್ಕೊ."

ಅಮ್ಮ ಸ್ಕೂಟರಿನ ಹೆಡ್ಡನ್ನು ಬಿಗಿದು ಮೋಟರ್ ಹಾಕಿದಳು. ಕಟರ್ ತಿರುಗಿತು. ಹೊಳೆಯುವ ಚೂರುಗಳು ಸಿಡಿದವು. ಕರ್ರಗಿದ್ದ ಹೆಡ್ಡು ಕನ್ನಡಿಯ ಹಾಗೆ ಬೆಳ್ಳಗಾಗುತ್ತ ಬಂತು. ಅಪ್ಪನ ಮುಖವೂ ಜೊತೆಗೇ ಬೆಳಗಿತು.

ಆಗ ಯಶುವಿನ ಕಣ್ಣಿಗೆ ಅದು ಬಿತ್ತು.

ಅವಳ ಮೂಗಿನ ಮುಂದೆಯೇ ವಿಭೂತಿಯ ಪಟ್ಟೆಗಳಿದ್ದವು. ಬರುವಾಗ ಅವು ಹಾಲಿನಷ್ಟು ಬೆಳ್ಳಗಿದ್ದವು. ಈಗ ಮೂರೂ ಪಟ್ಟೆಗಳನ್ನು ಹಾಯ್ದುಕೊಂಡು, ಓರೆಯಾಗಿ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಎದ್ದಿತ್ತು.

ಯಶು ಹತ್ತಿರ ಬಗ್ಗಿದಳು. ಕಟರ್ ಹೆಡ್ಡನ್ನು ಕಚ್ಚಿದಾಗ ಗೆರೆಯಲ್ಲಿ ಎಣ್ಣೆಯ ಚಿಕ್ಕ ಗುಳ್ಳೆ ಏಳುತ್ತಿತ್ತು. ಕಟರ್ ಬಿಟ್ಟಾಗ ಗುಳ್ಳೆ ಒಳಗೆ ಹೋಗುತ್ತಿತ್ತು. ಮೆಷಿನ್ನು ಉಸಿರಾಡುವ ಹಾಗಿತ್ತು.

ನಿನ್ನೆ ಚಾಕ್‌ಪೀಸಿನ ನಡುವೆ ಎದ್ದ ಗೆರೆಯೂ ಹೀಗೇ ಇತ್ತು.

ಇರಲಾರದು. ಎಲ್ಲಿಂದಲೋ ಎಣ್ಣೆ ಸಿಡಿದಿರಬೇಕು. ಯಶು ಬೆರಳಿನಿಂದ ವಿಭೂತಿಯನ್ನು ಸವರಿದಳು. ಗೆರೆ ಅಳಿಸಿಹೋಯಿತು. ಅಬ್ಬಾ, ಏನೂ ಇರಲಿಲ್ಲ. ಅವಳು ನೆಟ್ಟಗೆ ಕೂತು ಅಮ್ಮನ ಮುಖವನ್ನೇ ನೋಡತೊಡಗಿದಳು. ಕೆಳಗೆ ನೋಡಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡಳು.

ಆದರೂ ನೋಡಿದಳು. ಗೆರೆ ಮತ್ತೆ ಬಂದಿತ್ತು.

ಅಮ್ಮ ಮೋಟರ್ ಆಫ್ ಮಾಡಿ ಹೆಡ್ಡಿನ ಮೇಲೆ ಅಂಗೈ ಆಡಿಸಿದಳು. "ಚೆನ್ನಾಗಿ ಬಂದಿದೆ" ಎಂದಳು. ನೋಡೋಣ ಅನ್ನಲಿಲ್ಲ. ಯಶು ಆ ಮಾತಿಗಾಗಿ ಎಷ್ಟೋ ದಿನದಿಂದ ಕಾದಿದ್ದಳು. ಈಗ ಅದು ಬಂದರೂ ಖುಷಿಯೇ ಆಗಲಿಲ್ಲ.

"ಹಂಗಾದ್ರೆ ಅಡ್ವಾನ್ಸ್ ಕೊಟ್ಬುಡಾಣ" ಎಂದ ಅಪ್ಪ.

ರಾಮಾಂಜಿನಯ್ಯನವರ ಹೆಂಡತಿ ಚಿಕ್ಕಗಂಗಮ್ಮ ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಮಜ್ಜಿಗೆಯ ಲೋಟಗಳನ್ನು ತಂದರು. "ಒಳ್ಳೇ ಮನೆಗೆ ಹೋಯ್ತಾ ಐತೆ ಬುಡಿ" ಎಂದರು. ಯಶುವಿನ ಕೈಗೂ ಒಂದು ಲೋಟ ಕೊಟ್ಟು ತಲೆ ಸವರಿದರು.

ಯಶು ಮಜ್ಜಿಗೆ ಕುಡಿಯಲಿಲ್ಲ. ಹೇಳದಿದ್ದರೆ ಏನಾಗುತ್ತೆ? ಮೆಷಿನ್ನು ಮನೆಗೆ ಬರುತ್ತೆ. ಅಮ್ಮ ಮನೆಯಲ್ಲಿರುತ್ತಾಳೆ. ದಿನವೂ ಈ ಮೆಷಿನ್ನಿನ ಮುಂದೆ ಹೀಗೇ ಮುಖ ಬಗ್ಗಿಸಿಕೊಂಡು, ತಿರುಗುವ ಕಟರಿನ ಹತ್ತಿರ ಕೈ ಇಟ್ಟುಕೊಂಡು ನಿಂತಿರುತ್ತಾಳೆ. ಒಂದು ದಿನ ಕಂಬ ಬಿಟ್ಟುಕೊಂಡರೆ?

ಅಮ್ಮ ಬಗ್ಗಿ, ಕಂಬದ ಬುಡವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದಳು. ಅವಳ ಬೆರಳು ಗೆರೆಯ ಮೇಲೆಯೇ ಇತ್ತು. ಕಣ್ಣು ಮಾತ್ರ ಮುಚ್ಚಿತ್ತು.

"ಅಮ್ಮ" ಎಂದಳು ಯಶು. "ಕಣ್ಣು ಬಿಟ್ಟು ನೋಡು. ನಿನ್ನ ಬೆರಳಿನ ಕೆಳಗೆ."

ಅಮ್ಮ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ ಇನ್ನೂ ಹತ್ತಿರದಿಂದ ನೋಡಿದಳು. ಅಪ್ಪನೂ ಬಂದು ಬಗ್ಗಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಇದನ್ನ ಒಂಚೂರು ಒರೆಸ್ಬೋದಾ ಅಣ್ಣಾರೆ?" ಎಂದಳು ಅಮ್ಮ. ಬೇರೆಯವರು ಪೂಜೆ ಮಾಡಿದ್ದನ್ನು ಒರೆಸುತ್ತೇನೆ ಅನ್ನುವುದು ಸುಲಭದ ಮಾತಲ್ಲ. ಅವಳ ದನಿ ಸಣ್ಣಗಾಗಿತ್ತು.

ರಾಮಾಂಜಿನಯ್ಯ ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ದಾಸವಾಳವನ್ನು ತೆಗೆದು ಕಿಟಕಿಯಲ್ಲಿಟ್ಟರು. ಒಂದು ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ತಾವೇ ಕೂತು ವಿಭೂತಿ, ಕುಂಕುಮ ಎಲ್ಲವನ್ನೂ ಒರೆಸಿದರು. ಹಸಿರು ಬಣ್ಣದಲ್ಲಿ ಸೀಳು ಕಾಣಿಸಿತು. ಅಪ್ಪ ಉಗುರಿನಿಂದ ಕೆರೆದಾಗ ಬಣ್ಣದ ಜೊತೆ ಅದರಡಿ ಮೆತ್ತಿದ್ದ ಪುಟ್ಟಿಯೂ ಉದುರಿ, ಒಳಗೆ ಹಳೆಯ ವೆಲ್ಡಿಂಗಿನ ಗುರುತು ಕಂಡಿತು.

"ತಂದಾಗ ಇಳುಸ್ವಾಗ ಬಿತ್ತು" ಎಂದರು ರಾಮಾಂಜಿನಯ್ಯ. "ವೆಲ್ಡಿಂಗ್ ಮಾಡುಸ್ದೆ. ಅಲ್ಲಿಂದ ಇಲ್ಲೀಗಂಟ ಒಂದಿನಾನೂ ತೊಂದ್ರೆ ಕೊಟ್ಟಿರ್ಲಿಲ್ಲ. ಈಗ ಮತ್ತೆ ಬಿಟ್ಕಂಡೈತೆ ಅಂತ ನಂಗೆ ಗೊತ್ತಿರ್ಲಿಲ್ಲ. ಬಿದ್ದಿತ್ತು ಅನ್ನೋದನ್ನ ನೀವು ಕೇಳಿದ್ರೆ ಹೇಳ್ತಿದ್ದೆ."

"ನಾನು ಕೇಳ್ಬೇಕಾಗಿತ್ತು" ಎಂದಳು ಅಮ್ಮ.

"ರೇಟಲ್ಲಿ ಬೇಕಾದ್ರೆ ಇಳುಸ್ಕೊಡ್ತೀನಿ ತಾಯಿ."

ಅಪ್ಪ ತಲೆ ಕೆರೆದುಕೊಂಡ. "ಶಾಂತಲಾ, ಸಣ್ಣ ಸಣ್ಣ ಕಟ್ ಹಾಕ್ಕೊಂಡು ಹೋದ್ರೆ ಆಗಲ್ವಾ? ಇನ್ನೊಂದು ಇಂಥದ್ದು ಯಾವಾಗ ಸಿಕ್ತದೋ ಏನೋ."

ಯಶು ಅಮ್ಮನ ಬಾಯನ್ನೇ ನೋಡಿದಳು. ಆಗುತ್ತೆ ಅನ್ನಲಿ ಎಂದು ಅವಳ ಮನಸ್ಸು ಇನ್ನೂ ಬೇಡುತ್ತಿತ್ತು.

"ಆಗಲ್ಲ ಕಣ್ರೀ" ಎಂದಳು ಅಮ್ಮ. "ಸೊಟ್ಟಗಿರೋ ಹೆಡ್ಡನ್ನ ನೆಟ್ಟಗೆ ಮಾಡೋಕೆ ತಾನೇ ಇದನ್ನ ತಗೊಳ್ಳೋದು? ಇದೇ ನೆಟ್ಟಗೆ ನಿಲ್ಲಲ್ಲ ಅಂದ್ರೆ ಹೆಂಗೆ? ಬೇಡ."

ಅಷ್ಟೇ. ಎರಡನೇ ಸಲ ಹೇಳಲಿಲ್ಲ. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಬರ್ತೀವಿ ಎಂದು ಹೇಳಿ ಹೊರಟರು. ರಾಮಾಂಜಿನಯ್ಯ ಗೇಟಿನವರೆಗೂ ಬಂದರು. ಯಶುವನ್ನು ನೋಡಿ "ನಿನ್ ಕಣ್ಣು ಚೆನ್ನಾಗವೆ ಮಗ" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ವಾಸಿಯಾಗಿತ್ತು ಅನ್ನಿಸಿತು ಯಶುವಿಗೆ.

ಖಾಲಿ ಗಾಡಿ ಗುಂಡಿ ಸಿಕ್ಕಲ್ಲೆಲ್ಲ ಗಡಗಡ ಸದ್ದು ಮಾಡಿತು.

"ಮುಚ್ಚಾಕೇ ವಿಭೂತಿ ಬಳ್ದಿದ್ನೋ ಏನೋ" ಎಂದ ಅಪ್ಪ.

"ಇಲ್ಲ ಬಿಡ್ರಿ. ಅವ್ರು ಪೂಜೆ ಮಾಡಿದ್ರು. ನಾವು ಕೈ ಮುಗ್ದು ಸುಮ್ನಾದ್ವಿ."

ಹೆಬ್ಬೂರು ಬರುವ ಹೊತ್ತಿಗೆ ಯಶುವಿಗೆ ಅಳು ಬಂದುಬಿಟ್ಟಿತು. ಯಾಕಾದರೂ ಹೇಳಿದೆನೋ. ಸುಮ್ಮನಿದ್ದಿದ್ದರೆ ಮೆಷಿನ್ನು ಈಗ ಹಿಂದೆ ಇರುತ್ತಿತ್ತು. ಅವಳು ಅಮ್ಮನ ಕಡೆ ತಿರುಗದೆ ಅಪ್ಪನ ತೋಳಿಗೆ ಮುಖ ಒತ್ತಿಕೊಂಡು ಅತ್ತಳು. ಅಮ್ಮ ಸಮಾಧಾನ ಮಾಡಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಅಮ್ಮನಿಗೇನು, ಮೆಷಿನ್ನು ಬಂದರೂ ಒಂದೇ, ಬರದಿದ್ದರೂ ಒಂದೇ ಎಂದುಕೊಂಡಳು ಯಶು.

ಸೋಮವಾರ ಮೋನಿಕಾ ಕಾದುಕೊಂಡೇ ಇದ್ದಳು.

"ಬಂತೇನೇ ನಿಮ್ ಮೆಷಿನ್ನು?"

"ಇಲ್ಲ."

"ಬರುತ್ತೆ ಅಂದಿದ್ದೆ."

"ಚೆನ್ನಾಗಿರ್ಲಿಲ್ಲ. ನಾನೇ ಬೇಡ ಅಂದೆ."

ಅದು ಅರ್ಧ ಸುಳ್ಳು. ಯಶು ಬೇಡ ಅಂದಿರಲಿಲ್ಲ. ಬೇಕು ಬೇಕು ಅಂದುಕೊಂಡೇ ತೋರಿಸಿದ್ದಳು. ಅದನ್ನು ಮೋನಿಕಾಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.

ಆ ವಾರ ಸೆಕೆಂಡ್ ಶಿಫ್ಟು. ಸಂಜೆ ಮನೆಗೆ ಬಂದರೆ ಅಜ್ಜಿ, ಅಪ್ಪ, ಮುಚ್ಚಿಟ್ಟ ತಟ್ಟೆಯಲ್ಲಿ ಅಮ್ಮ ಮಾಡಿಟ್ಟುಹೋದ ಉಪ್ಪಿಟ್ಟು. ಯಶು ತಿಂದು ಹೋಂವರ್ಕ್ ಮಾಡಿ ಮಲಗುತ್ತಿದ್ದಳು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೂ ಹೆಚ್ಚು ಮಾತಾಡುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮ ಬಾಚಣಿಗೆ ಹಿಡಿದು ಬೈತಲೆ ತೆಗೆಯುತ್ತಿದ್ದಳು. ಯಶುವಿಗೆ ಇನ್ನು ತಡೆಯಲಾಗಲಿಲ್ಲ. ಅಮ್ಮನ ಮುಖ ಕಾಣದಿದ್ದದ್ದೂ ಒಳ್ಳೆಯದೇ ಆಯಿತು.

"ಅಮ್ಮ, ಒಂದು ಹೇಳ್ಲಾ? ಬಯ್ಬಾರ್ದು."

"ಹೇಳು."

"ಆ ಗೆರೆ ಮೊದ್ಲೇ ನೋಡಿದ್ದೆ. ನೋಡಿ ಅಳಿಸ್ಬಿಟ್ಟೆ. ಮತ್ತೆ ಬಂತು, ಅದಕ್ಕೇ ಹೇಳಿದ್ದು."

ಬಾಚಣಿಗೆ ನಿಲ್ಲಲಿಲ್ಲ. "ಗೊತ್ತು" ಎಂದಳು ಅಮ್ಮ. "ನಿನ್ನ ಬೆರಳು ತುಂಬ ವಿಭೂತಿ ಆಗಿತ್ತು."

ಯಶು ತನ್ನ ಬೆರಳನ್ನು ನೋಡಿಕೊಂಡಳು, ಈಗಲೂ ಇದೆಯೇನೋ ಅನ್ನುವ ಹಾಗೆ.

"ಮತ್ತೆ ಯಾಕೆ ಬಯ್ಲಿಲ್ಲ?"

ಈಗ ಬಾಚಣಿಗೆ ನಿಂತಿತು.

"ಕಟ್ ಹಾಕ್ವಾಗ ಹ್ಯಾಂಡಲ್ ಸಣ್ಣಗೆ ಅದುರ್ತು ಕಣೇ. ನನ್ ಕೈಗೆ ಗೊತ್ತಾಯ್ತು. ಕಂಪನೀಲಿ ಹಂಗೆ ಅದುರಿದ್ದಿದ್ರೆ ಮೊದ್ಲು ಆಫ್ ಮಾಡಿ, ಯಾಕೆ ಅಂತ ಹುಡುಕ್ತಿದ್ದೆ. ಅವತ್ತು ಮಾಡ್ಲಿಲ್ಲ. ಕೆಳಗಡೆ ಬೆಂಚು ಸರಿಯಾಗಿಲ್ಲ, ಅದಕ್ಕೆ ಅದುರ್ತಿದೆ ಅಂದ್ಕೊಂಡೆ."

"ಯಾಕೆ?"

"ಹಂಗೆ ಅಂದ್ಕೊಂಡ್ರೆ ಮೆಷಿನ್ ಮನೆಗೆ ಬರ್ತಿತ್ತಲ್ಲ. ನೀನು ಬೆರಳಲ್ಲಿ ಅಳಿಸ್ದೆ. ನಾನು ಮನಸ್ಸಲ್ಲಿ ಅಳಿಸ್ದೆ. ಬಯ್ಯೋಕೆ ನಂಗೆ ಬಾಯಿ ಎಲ್ಲಿದೆ?"

ಯಶು ಕದಲದೆ ಕೂತಳು. ಅಮ್ಮ ಮೂರು ಎಳೆ ಬೇರೆ ಮಾಡಿ ಹೆಣೆಯಲು ಶುರು ಮಾಡಿದಳು.

"ಬರೋ ಭಾನುವಾರ ತುಮಕೂರಲ್ಲಿ ಒಂದು ಮೆಷಿನ್ ನೋಡೋಕೆ ಹೋಗ್ಬೇಕು. ನಮ್ ಲೈನಲ್ಲಿ ಕೆಲಸ ಮಾಡೋ ಸುಶ್ಮಿತಾ ಹೇಳಿದ್ಲು. ಬರ್ತೀಯಾ?"

"ಬರ್ತೀನಿ. ಸ್ವಿಚ್ ಹಾಕೋಕ್ ಮುಂಚೆ ಪೂರ್ತಿ ಒರೆಸ್ಬೇಕು. ಬಿದ್ದಿತ್ತಾ, ಒಡೆದಿತ್ತಾ ಅಂತ ಬಾಯಿ ಬಿಟ್ಟು ಕೇಳ್ಬೇಕು. ನೀನು ಕೇಳ್ದಿದ್ರೆ ನಾನು ಕೇಳ್ತೀನಿ."

"ಕೇಳು."

"ಸರಿ ಇಲ್ಲ ಅಂದ್ರೆ ಅದೂ ಬೇಡ. ಇನ್ನೊಂದು ನೋಡೋಣ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಯಶುವಿಗೆ ಒಂದು ಕ್ಷಣ ಆಶ್ಚರ್ಯವಾಯಿತು. ಬೇಡ ಅನ್ನುವಾಗಲೂ ಅವಳಿಗೆ ಆಸೆ ಕಮ್ಮಿಯಾಗಿರಲಿಲ್ಲ. ಇಷ್ಟು ದಿನ ಅಮ್ಮನಿಗೂ ಹೀಗೇ ಆಗಿರಬೇಕು.

ಹೊರಗೆ ಶಾಲೆಯ ವ್ಯಾನಿನ ಹಾರ್ನು ಕೇಳಿಸಿತು. ಜಡೆ ಇನ್ನೂ ಅರ್ಧಕ್ಕಿತ್ತು. ಬೇರೆ ದಿನವಾಗಿದ್ದರೆ ಯಶು ಬೇಗ ಬೇಗ ಅಂತ ಕುಣಿಯುತ್ತಿದ್ದಳು. ಇವತ್ತು ತಲೆಯನ್ನು ಒಂಚೂರು ಹಿಂದಕ್ಕೆ ವಾಲಿಸಿ, ಅಮ್ಮನ ಕೈಗೆ ಕೊಟ್ಟು ಕೂತಳು. ಅಮ್ಮನೂ ಅವಸರ ಮಾಡಲಿಲ್ಲ.